ಬೆಂಗಳೂರು ರಸ್ತೆಯಲ್ಲಿ ಕುಣಿದ ಪಿಕಪ್ಪು

ಗ್ಯಾರೇಜಿಗೆ ಹೊಸದಾಗಿ ಸೇರಿದವರು ನನ್ನನ್ನು ಕಂಡರೆ ಎಂಜಿನ್ನಿನ ವಿಷಯವನ್ನೇ ಕೇಳುತ್ತಾರೆ. ಎಂಜಿನ್ನು ಬಡಾಯಿ ಕೊಚ್ಚಿಕೊಳ್ಳುವುದಕ್ಕೆ ಒಳ್ಳೆಯ ವಸ್ತು, ಒಪ್ಪಿದೆ. ಆದರೆ ಎಂಜಿನ್ನು ಕೆಟ್ಟರೆ ನಿಂತ ಜಾಗದಲ್ಲೇ ಹೇಳುತ್ತದೆ. ಕೆಮ್ಮುತ್ತದೆ, ಹೊಗೆ ಬಿಡುತ್ತದೆ, ಇಲ್ಲವೇ ಸುಮ್ಮನೆ ಮಲಗಿಬಿಡುತ್ತದೆ. ಮೇಸ್ತ್ರಿಯ ಪ್ರಾಣ ತಿನ್ನುವುದು ರಸ್ತೆಯ ಮೇಲೆ ಮಾತ್ರ ಬರುವ ಕಾಯಿಲೆ. ಶೆಡ್ಡಿನಲ್ಲಿ ಹಸುವಿನ ಹಾಗೆ ನಿಂತಿರುವ ಗಾಡಿ, ಬೆಂಗಳೂರು ರಸ್ತೆ ಹಿಡಿದು ನಲವತ್ತು ಮೈಲಿಯ ವೇಗ ಮುಟ್ಟಿತೋ, ಕುಣಿಯಲು ಶುರು. ನಿಧಾನ ಮಾಡಿದರೆ ಮತ್ತೆ ಹಸು. ಮಾಲೀಕರು ದೂರು ಹೇಳುತ್ತಾರೆ, ನಾವು ಬಗ್ಗಿ ನೋಡಿದರೆ ಏನೂ ಕಾಣುವುದಿಲ್ಲ.

ಈಗ ಚಕ್ರವನ್ನು ಮೆಷಿನ್ನಿಗೆ ಕಟ್ಟಿ ತಿರುಗಿಸಿದರೆ ಎಲ್ಲಿ ಭಾರ ಹೆಚ್ಚಿದೆ ಎಂದು ಅದೇ ತೋರಿಸುತ್ತದೆ. ಒಳ್ಳೆಯದಾಯಿತು, ಬಾಯಿ ತುಂಬ ಹೊಗಳುತ್ತೇನೆ. ನಾನು ಕೆಲಸ ಕಲಿತದ್ದು ಸ್ವಾತಂತ್ರ್ಯ ಬಂದ ಹೊಸದರಲ್ಲಿ. ಆಗ ನಮ್ಮ ಹತ್ತಿರ ಇದ್ದ ಮೆಷಿನ್ನು ಎಂದರೆ ಒಂದು ಸೀಮೆಸುಣ್ಣದ ತುಂಡು, ಅದನ್ನು ಅಲುಗಾಡದಂತೆ ಒರಗಿಸಿ ಹಿಡಿಯಲು ಒಂದೆರಡು ಇಟ್ಟಿಗೆ. ಚಕ್ರವನ್ನು ಜಾಕಿನ ಮೇಲೆ ಎತ್ತಿ ಕೈಯಲ್ಲಿ ತಿರುಗಿಸುವುದು, ಟಯರಿಗೆ ತಗುಲಿಯೂ ತಗುಲದ ಹಾಗೆ ಸೀಮೆಸುಣ್ಣ ಹಿಡಿಯುವುದು. ಚಕ್ರ ಸರಿಯಾಗಿ ದುಂಡಗೆ ತಿರುಗಿದರೆ ಸುತ್ತಲೂ ಒಂದೇ ಸಮನೆ ಬಿಳಿ ಗೆರೆ ಬೀಳುತ್ತದೆ. ಇಲ್ಲದಿದ್ದರೆ ಉಬ್ಬಿದ ಕಡೆ ಮಾತ್ರ ಬೀಳುತ್ತದೆ. ಮಿಕ್ಕಿದ್ದಕ್ಕೆಲ್ಲ ಕಿವಿ, ಮೂಗು ಮತ್ತು ನಾವು ಕೂರುವ ಜಾಗವೇ ಗತಿ.

ನನ್ನ ಉಸ್ತಾದರು ಖಾದರ್ ಸಾಹೇಬರು. ಗ್ಯಾರೇಜು ಅವರದೇ. ಅಗ್ರಹಾರದ ಅಂಚಿನಲ್ಲಿ ಹುಣಸೆಮರದ ಕೆಳಗೆ ತಗಡು ಹೊದಿಸಿದ ಶೆಡ್ಡು. ಕುಣಿಯುವ ಗಾಡಿ ಬಂದರೆ ಅವರು ಬಾನೆಟ್ಟಿನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಡ್ರೈವರನ್ನು ಹತ್ತಿರ ಕರೆದು ಒಂದೇ ಪ್ರಶ್ನೆ: "ಕೈಗೆ ಬರ್ತದಾ, ಕುಂಡೆಗೆ ಬರ್ತದಾ?" ನಡುಕ ಸ್ಟೇರಿಂಗು ಹಿಡಿದ ಕೈಗೆ ಬಂದರೆ ರೋಗ ಮುಂದಿನ ಚಕ್ರಗಳ ಕಡೆ, ಕೂತ ಸೀಟಿಗೆ ಬಂದರೆ ಹಿಂದಿನ ಚಕ್ರಗಳ ಕಡೆ. ಅರ್ಧ ಕೆಲಸ ಅಲ್ಲಿಗೇ ಮುಗಿಯುತ್ತಿತ್ತು. ಗಾಡಿಯಲ್ಲಿ ಹೆಂಗಸರಿದ್ದರೆ ಮಾತ್ರ ಸಾಹೇಬರು ಒಮ್ಮೆ ಕೆಮ್ಮಿ, "ಸ್ಟೇರಿಂಗಿಗಾ, ಸೀಟಿಗಾ?" ಎಂದು ಮರ್ಯಾದೆಯಾಗಿ ಕೇಳುತ್ತಿದ್ದರು.

ಅವರಲ್ಲಿ ನನಗೆ ಬಹಳ ಹಿಡಿಸಿದ ಗುಣವೆಂದರೆ ತಮ್ಮ ತಪ್ಪನ್ನು ಮುಚ್ಚಿಡುತ್ತಿರಲಿಲ್ಲ. ಒಮ್ಮೆ ಬಟ್ಟೆ ವ್ಯಾಪಾರಿಯೊಬ್ಬರ ಕಾರು ಹೀಗೇ ಕುಣಿಯುತ್ತದೆಂದು ಬಂತು. ಸೀಟಿಗೆ ಬರುತ್ತದೆ ಎಂದು ಡ್ರೈವರು ಹೇಳಿದ್ದೇ ತಡ, ಸಾಹೇಬರು ಹಿಂದಿನ ಪಟ್ಟಿ ಸ್ಪ್ರಿಂಗುಗಳನ್ನೆಲ್ಲ ಬಿಚ್ಚಿ, ಒಂದೊಂದು ಪಟ್ಟಿಯನ್ನೂ ಉಜ್ಜಿ ಗ್ರೀಸು ಬಳಿದು ಕೂರಿಸಿದರು. ಕುಣಿತ ಹೋಗಲಿಲ್ಲ. ಶಾಕ್ ಅಬ್ಸಾರ್ಬರು ಬದಲಾಯಿಸಿದರು. ಆಗಲೂ ಹೋಗಲಿಲ್ಲ. ಕೊನೆಗೆ ಸೋತು ಗಾಡಿ ಹಿಂದಕ್ಕೆ ಕೊಡೋಣವೆಂದು ತೊಳೆಯುತ್ತಿದ್ದಾಗ ಚಕ್ರದ ರಿಮ್ಮಿನ ಒಳಮೈಯಿಂದ ತೆಂಗಿನಕಾಯಿ ಗಾತ್ರದ ಒಣ ಕೆಸರಿನ ಹೆಂಟೆ ಕಳಚಿ ಬಿತ್ತು. ಯಾವುದೋ ಕೆರೆಯ ಏರಿ ಕೆಳಗೆ ಗಾಡಿ ಹೂತುಕೊಂಡಿದ್ದಾಗ ಮೆತ್ತಿಕೊಂಡದ್ದು. ಅಷ್ಟೇ ರೋಗ. ಸಾಹೇಬರು ಆ ಹೆಂಟೆಯನ್ನು ಶೆಡ್ಡಿನ ಕಿಟಕಿಯ ಮೇಲಿಟ್ಟು, ನಾನು ದೊಡ್ಡ ಮಾತಾಡಿದಾಗಲೆಲ್ಲ, "ಏ ನಂಜುಂಡಪ್ಪ, ಅಲ್ನೋಡು ನನ್ನ ಮೆಡಲ್ಲು" ಎಂದು ನಗುತ್ತಿದ್ದರು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕುವ ಕಸುಬು ನಮ್ಮದು ಎಂದು ನಾನು ಕಲಿತದ್ದು ಹಾಗೆ.

ಸಾಹೇಬರು ಮಂಡಿನೋವಿನಿಂದ ಮನೆ ಹಿಡಿದ ಮೇಲೆ ಶೆಡ್ಡನ್ನು ನಾನು ನೋಡಿಕೊಳ್ಳುವ ಹಾಗಾಯಿತು. ಅದು ಹೇಗಾಯಿತು, ಬೋರ್ಡಿನ ಮೇಲೆ ನನ್ನ ಹೆಸರು ಯಾವಾಗ ಬಂತು ಎಂಬುದನ್ನೆಲ್ಲ ಬರೆದರೆ ಓದುವವರಿಗೆ ಆಕಳಿಕೆ ಬರುತ್ತದೆ. ಗೌರಮ್ಮನವರ ಪಿಕಪ್ಪಿನ ಕಥೆ ಹೇಳುತ್ತೇನೆ. ಇಷ್ಟು ವರ್ಷದ ಕೆಲಸದಲ್ಲಿ ಅದರಷ್ಟು ನನ್ನನ್ನು ಅಂಜಿಸಿದ ಗಾಡಿ ಇನ್ನೊಂದಿಲ್ಲ.

ಐವತ್ತರ ದಶಕ ಮುಗಿಯುತ್ತ ಬಂದಿತ್ತು. ಗೌರಮ್ಮನವರ ಮನೆ ಅಗ್ರಹಾರದಲ್ಲಿ, ಹೂವು ಮತ್ತು ವೀಳ್ಯದೆಲೆಯ ತೋಟ ಬೋಗಾದಿಯಲ್ಲಿ. ಗಂಡ ಮರಿಗೌಡರು ಯುದ್ಧ ಮುಗಿದ ಮೇಲೆ ಮಿಲಿಟರಿಯವರ ಹರಾಜಿನಲ್ಲಿ ಆ ಪಿಕಪ್ಪು ತಂದು, ಬೆಳಿಗ್ಗೆ ಕಿತ್ತ ಹೂವನ್ನು ಅದೇ ದಿನ ಬೆಂಗಳೂರಿನ ಮಾರುಕಟ್ಟೆಗೆ ಮುಟ್ಟಿಸುವ ವ್ಯಾಪಾರ ಹೂಡಿದ್ದರು. ಒಳ್ಳೆಯ ವಯಸ್ಸಿನಲ್ಲೇ ಜ್ವರ ಬಂದು ತೀರಿಕೊಂಡರು. ಹೆಣ್ಣು ಹೆಂಗಸಿಗೆ ಇದೆಲ್ಲ ಯಾಕೆ, ಗಾಡಿ ಮಾರಿ ಮನೆಯಲ್ಲಿ ಕೂತುಕೋ ಎಂದರು ನೆಂಟರು. ಆಕೆ ಕೂರಲಿಲ್ಲ. ಗಾಡಿಯೂ ಉಳಿಯಿತು, ವ್ಯಾಪಾರವೂ ಉಳಿಯಿತು, ಗೌಡರ ಕಾಲದ ಡ್ರೈವರು ಬಸಪ್ಪನವರೂ ಉಳಿದರು. ಬಸಪ್ಪನವರು ಹಿನಕಲ್ಲಿನವರು. ದಿನಾ ಕೋಳಿ ಕೂಗುವ ಹೊತ್ತಿಗೆ ನಡೆದುಕೊಂಡೇ ಬಂದು, ಗಾಡಿಯ ಮೂತಿಗೆ ಕೈಮುಗಿದು, ಆಮೇಲೆ ಬಾಗಿಲು ತೆಗೆಯುತ್ತಿದ್ದರು.

ದಸರಾ ಕಳೆದು ಸ್ವಲ್ಪ ದಿನಕ್ಕೆ ಗೌರಮ್ಮನವರು ಒಬ್ಬರೇ ನಡೆದುಕೊಂಡು ಶೆಡ್ಡಿಗೆ ಬಂದರು. ಗಾಡಿ ಇಲ್ಲದೆ ಅವರು ಬಂದದ್ದು ಅದೇ ಮೊದಲು. ನಾನು ಸ್ಟೂಲು ಒರೆಸಿ ಕೊಟ್ಟೆ. ಕೂರಲಿಲ್ಲ.

"ನಂಜುಂಡಪ್ನೋರೆ, ಒಂದ್ ಮಾತಿತ್ತು. ಬಸಣ್ಣನ ಮುಂದೆ ಆಡೋ ಹಂಗಿಲ್ಲ. ದಸರಾ ಆದಾಗಿನಿಂದ ಗಾಡಿ ಬೆಂಗಳೂರು ರೋಡಲ್ಲಿ ಕುಣೀತದೆ. ಹೋದ್ವಾರ ನಾನೂ ಮಕ್ಕಳೂ ಕೂತಿದ್ವಿ. ಶ್ರೀರಂಗಪಟ್ಣದ ಈಚೆ ಎತ್ತಿ ಎತ್ತಿ ಹಾಕ್ತು, ಬುಟ್ಟಿಗಳೆಲ್ಲ ಮಗುಚ್ಕೊಂಡ್ವು. ಇನ್ನೊಂಚೂರು ಆಗಿದ್ರೆ ಗದ್ದೆಗಿಳೀತಿದ್ವಿ."

"ಬಸಪ್ಪನವರು ಏನಂತಾರೆ?"

"ಗಾಡಿ ಅಂತಾರೆ. ಮಿಕ್ಕೋರೆಲ್ಲ ಅವರ ಕೈ ಅಂತಾರೆ. ವಯಸ್ಸಾಯ್ತು, ಹಿಡಿತ ತಪ್ತು ಅಂತ. ನನ್ ಮೈದುನ ಬೇರೆ ಡ್ರೈವರ್ನ ಗೊತ್ಮಾಡ್ಕೊಂಡು ಕೂತವ್ನೆ." ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಹೇಳಿದರು. "ನಾನು ಈ ಮನೆಗೆ ಮದುವೆಯಾಗಿ ಬಂದಾಗ ಕೂರಿಸ್ಕೊಂಡು ಬಂದೋರು ಬಸಣ್ಣ. ಇವ್ರನ್ನ ಆಸ್ಪತ್ರೆಯಿಂದ ಕೊನೇ ಸಲ ಮನೆಗೆ ತಂದೋರೂ ಬಸಣ್ಣನೇ. ದಾರಿಯುದ್ದಕ್ಕೂ ಒಂದು ಕಲ್ಲಿನ ಮೇಲೂ ಹತ್ತಿಸ್ದೆ ತಂದ್ರು. ಅವರಿಗೆ ನಾನು ಗಾಡಿ ಬಿಟ್ಟಿಳೀರಿ ಅಂತ ಎಂಗೆ ಹೇಳ್ಲಿ? ಮಕ್ಕಳನ್ನ ಕೂರಿಸ್ಕೊಂಡು ಹೋಗೋ ಗಾಡಿ, ಸುಮ್ನಿರೋಕೂ ಆಗಲ್ಲ. ಗಾಡೀಲಿ ಏನಾದ್ರೂ ಇದ್ರೆ ಹುಡುಕಿ. ಇಲ್ದೇ ಹೋದ್ರೆ ನೀವೇ ಅವರಿಗೆ ಹೇಳ್ಬುಡಿ. ನನ್ ಬಾಯಲ್ಲಿ ಬರಲ್ಲ ಕಣ್ರೀ."

ಅದೇ ಮಧ್ಯಾಹ್ನ ಬಸಪ್ಪನವರು ಗಾಡಿ ತಂದರು. ಒಗೆದೂ ಒಗೆದೂ ಬಣ್ಣ ಹೋದ ಖಾಕಿ ಕೋಟು, ಹಣೆಯ ಮೇಲೆ ಮೂರು ಬೆರಳಿನ ವಿಭೂತಿ. ಇಳಿದವರೇ ನನ್ನನ್ನು ಹುಣಸೆಮರದ ಆಚೆಗೆ ಕರೆದುಕೊಂಡು ಹೋಗಿ ಎರಡೂ ಕೈ ಚಾಚಿ ನಿಂತರು.

"ನೋಡಿ ಮೇಸ್ತ್ರಿ."

ಕೈ ಸ್ವಲ್ಪ ಅದುರುತ್ತಿತ್ತು. ಆ ವಯಸ್ಸಿನವರಿಗೆ, ಅದೂ ಎದೆಯಲ್ಲಿ ಭಯ ಇಟ್ಟುಕೊಂಡವರಿಗೆ, ಅಷ್ಟು ಅದುರುವುದು ಹೆಚ್ಚೇನಲ್ಲ. ಆದರೆ ಅದುರುತ್ತಿತ್ತು, ಇಲ್ಲವೆನ್ನಲಾರೆ.

"ಇದ್ರದ್ದೇ ತಪ್ಪು ಅಂತಾದ್ರೆ ಮೊದ್ಲು ನಂಗೇ ಹೇಳ್ಬುಡಿ. ಅವ್ವನ ಬಾಯಲ್ಲಿ ಹೇಳಿಸ್ಬ್ಯಾಡಿ. ಅದು ಹೇಳಕ್ಕಾಗ್ದೆ ಒಳಗೊಳಗೇ ಕೊರಗ್ತದೆ. ನೀವು ಒಂದ್ ಮಾತಂದ್ರೆ ಬೀಗದ ಕೈ ದೇವ್ರ ಗೂಡಲ್ಲಿಟ್ಟು ಹೋಯ್ತೀನಿ."

ಒಬ್ಬರನ್ನೊಬ್ಬರು ನೋಯಿಸಬಾರದು ಎಂದು ಇಬ್ಬರೂ ಬಂದು ಕತ್ತಿಯನ್ನು ನನ್ನ ಕೈಗೆ ಕೊಟ್ಟಿದ್ದರು. ಒಳ್ಳೆ ಗ್ರಹಚಾರ. ನನಗೆ ಸಿಟ್ಟು ಬಂತು. ಅದನ್ನು ತೋರಿಸಿಕೊಳ್ಳದೆ ಉಸ್ತಾದರ ಪ್ರಶ್ನೆ ಕೇಳಿದೆ. "ನಡುಕ ಕೈಗೆ ಬರುತ್ತೋ, ಕೂತಿರೋ ಜಾಗಕ್ಕೋ?"

"ಕೈಗೇ ಮೇಸ್ತ್ರಿ," ಎಂದರು ಬಸಪ್ಪನವರು. ಯೋಚನೆಯನ್ನೇ ಮಾಡಲಿಲ್ಲ.

ಕೈಗೆ ಎಂದ ಮೇಲೆ ಮುಂದಿನ ಚಕ್ರಗಳು. ಎರಡನ್ನೂ ಎತ್ತಿ ಅಲುಗಾಡಿಸಿ ನೋಡಿದೆ. ಮುಂದಿನ ಚಕ್ರ ಅತ್ತಿತ್ತ ಹೊರಳುವ ಕಿಂಗ್‌ಪಿನ್ನು ಸವೆದಿರಲಿಲ್ಲ. ಬೇರಿಂಗು ಗಟ್ಟಿಯಾಗಿತ್ತು. ಸ್ಟೇರಿಂಗಿನ ಕೀಲುಗಳಿಗೆ ಬಸಪ್ಪನವರು ಎಷ್ಟು ಗ್ರೀಸು ತುಂಬಿಸಿದ್ದರೆಂದರೆ, ನಾನು ನೋಡಿದ ಗಾಡಿಗಳಲ್ಲಿ ಅಷ್ಟು ಚೆನ್ನಾಗಿ ಸಾಕಿದ್ದು ಇನ್ನೊಂದಿರಲಿಲ್ಲ. ಸೀಮೆಸುಣ್ಣ ಹಿಡಿದೆ, ಎರಡು ಚಕ್ರಕ್ಕೂ ಗೆರೆ ಸುತ್ತಲೂ ಬಿತ್ತು. ಬಸಪ್ಪನವರು ಪಕ್ಕದಲ್ಲಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದರು. ಒಂದೊಂದು ಭಾಗವೂ ಸರಿಯಾಗಿದೆ ಎಂದಾಗ ಬೇರೆ ಡ್ರೈವರುಗಳಿಗೆ ಸಮಾಧಾನವಾಗುತ್ತದೆ. ಅವರಿಗೆ ಮುಖ ಇನ್ನಷ್ಟು ಬಾಡುತ್ತಿತ್ತು. ಗಾಡಿ ಆರೋಗ್ಯವಾಗಿದ್ದಷ್ಟೂ ತಪ್ಪು ಅವರ ಹತ್ತಿರ ಹತ್ತಿರ ಬರುತ್ತಿತ್ತಲ್ಲ.

ಎದುರಿನ ಟೀ ಅಂಗಡಿಯಲ್ಲಿ ಕೂತ ಜಟಕಾದವರು, ಡ್ರೈವರುಗಳು ಸುಮ್ಮನಿರುತ್ತಾರೆಯೇ? "ಕುಣೀಲಾರ್ದೋಳು ನೆಲ ಡೊಂಕು ಅಂದ್ಲಂತೆ" ಎಂದ ಒಬ್ಬ. ಬಸಪ್ಪನವರಿಗೆ ಕೇಳಿಸಿತು. ಕೇಳಿಸದ ಹಾಗೆ ಟಯರಿನ ಗಾಳಿ ನೋಡುತ್ತ ಕೂತರು. ನಾನು ಸ್ಪ್ಯಾನರು ಹಿಡಿದುಕೊಂಡೇ ರಸ್ತೆ ದಾಟಿ ಹೋಗಿ, ಇನ್ನೊಂದು ಮಾತಾಡಿದರೆ ನಿನ್ನ ಗಾಡಿ ನನ್ನ ಶೆಡ್ಡಿಗೆ ಬರಬೇಕಾಗಿಲ್ಲ ಎಂದು ಅವನಿಗೆ ಚೆನ್ನಾಗಿ ಬೈದು ಬಂದೆ. ನನಗೆ ಸಿಟ್ಟು ಬೇಗ. ಅದರಿಂದ ರೋಗ ಏನೂ ಸಿಗಲಿಲ್ಲ, ನನ್ನ ಟೀ ಮಾತ್ರ ತಪ್ಪಿತು.

ಇಲ್ಲಿ ಓದುವವರಿಗೆ ಒಂದು ಅನುಮಾನ ಬಂದೇ ಬರುತ್ತದೆ. ಮೇಸ್ತ್ರಿ, ನೀನೇ ಯಾಕೆ ಓಡಿಸಿ ನೋಡಲಿಲ್ಲ? ನಾನು ಸ್ಟೇರಿಂಗು ಹಿಡಿದಿದ್ದರೆ ಒಂದೇ ಸುತ್ತಿಗೆ ತಿಳಿಯುತ್ತಿತ್ತು, ನಿಜ. ಆದರೆ ಮರಿಗೌಡರು ಹೋದಮೇಲೆ ಆ ಸೀಟಿನಲ್ಲಿ ಬಸಪ್ಪನವರನ್ನು ಬಿಟ್ಟು ಯಾರೂ ಕೂತಿರಲಿಲ್ಲ. ಇಂಥ ಹೊತ್ತಿನಲ್ಲಿ "ಇಳೀರಿ, ನಾನು ಓಡಿಸ್ತೀನಿ" ಎಂದರೆ ಅದೇ ತೀರ್ಪು ಕೊಟ್ಟ ಹಾಗೆ. ಬಾಯಿಗೆ ಬಂದ ಮಾತನ್ನು ನುಂಗಿಕೊಂಡೆ. ಪುಸ್ತಕದ ಪ್ರಕಾರ ಅದು ತಪ್ಪು. ಮನುಷ್ಯರ ನಡುವೆ ಕೆಲಸ ಮಾಡುವವನು ಕೆಲವು ಕಡೆ ಸುತ್ತುದಾರಿ ಹಿಡಿಯಬೇಕಾಗುತ್ತದೆ.

ಮಾರನೆಯ ದಿನ ಬೆಳಿಗ್ಗೆ ಗಾಡಿಯನ್ನು ಬೆಂಗಳೂರು ರಸ್ತೆಗೆ ತೆಗೆದುಕೊಂಡು ಹೋದೆವು. ಬಸಪ್ಪನವರ ಪಕ್ಕದಲ್ಲಿ ಕೂತೆ. ಸಿದ್ದಲಿಂಗಪುರ ದಾಟಿದ ಮೇಲೆ ನೆಟ್ಟಗಿನ ದಾರಿ. ಮುಳ್ಳು ನಲವತ್ತರ ಹತ್ತಿರ ಹೋಗುತ್ತಿದ್ದ ಹಾಗೆ ಶುರುವಾಯಿತು. ಅಬ್ಬಾ! ಗೌರಮ್ಮನವರು ಹೇಳಿದ್ದರಲ್ಲಿ ಉತ್ಪ್ರೇಕ್ಷೆ ಏನೂ ಇರಲಿಲ್ಲ. ನನ್ನ ತಲೆ ಮೇಲಿನ ತಗಡಿಗೆ ಬಡಿಯಿತು. ಬಸಪ್ಪನವರು ಸ್ಟೇರಿಂಗನ್ನು ಎರಡೂ ಕೈಯಲ್ಲಿ ಅವುಚಿ ಹಿಡಿದುಕೊಂಡಿದ್ದರು, ಬೆರಳ ಗಿಣ್ಣುಗಳು ಬಿಳಿಚಿಕೊಂಡಿದ್ದವು. ಹೀಗೆ ಹಿಡಿದರೆ ಯಾರ ಕೈಯಾದರೂ ನಡುಗುತ್ತದೆ ಅನ್ನಿಸಿತು. ಆಮೇಲೆ ಸ್ಟೇರಿಂಗನ್ನೇ ನೋಡಿದೆ. ಅದು ಅತ್ತಿತ್ತ ಎಳೆದಾಡುತ್ತಿರಲಿಲ್ಲ. ಅವರ ತೋಳು ಅದುರುತ್ತಿತ್ತು, ಮೈ ಅದುರುತ್ತಿತ್ತು, ಸ್ಟೇರಿಂಗು ಮಾತ್ರ ನೆಟ್ಟಗಿತ್ತು.

"ನಿಲ್ಲಿಸಿ ಬಸಪ್ಪನೋರೆ. ನಾನು ಹಿಂದೆ ಮಲಗ್ತೀನಿ."

"ಹಿಂದೆ? ಬುಟ್ಟಿ ಮಡಗೋ ಜಾಗದಲ್ಲಾ?"

"ಅಲ್ಲೇ. ಹೀಗೇ ಓಡಿಸಿ, ನಾನು ತಟ್ಟೋ ತನಕ ವೇಗ ಕಮ್ಮಿ ಮಾಡಬೇಡಿ."

ಖಾಲಿ ಬುಟ್ಟಿಗಳ ನಡುವೆ ಹಲಗೆಯ ಮೇಲೆ ಅಂಗಾತ ಮಲಗಿದೆ. ಎದುರಿಗೆ ಬಂದ ಗಾಡಿಯವರು ಹೆಣ ಸಾಗಿಸುತ್ತಿದ್ದಾರೆಂದು ತಿಳಿದಿರಬೇಕು, ಒಬ್ಬ ಟೋಪಿ ತೆಗೆದ. ಬಸಪ್ಪನವರು ವೇಗ ಹೆಚ್ಚಿಸಿದರು. ನಲವತ್ತು ಬಂದದ್ದು ನನ್ನ ಬೆನ್ನಿಗೆ ಗೊತ್ತಾಯಿತು. ಎಡಗಡೆ ಹಿಂಬದಿಯ ಚಕ್ರದ ನೇರಕ್ಕೆ, ನನ್ನ ಎಡ ಸೊಂಟದ ಕೆಳಗೆ, ಯಾರೋ ಒನಕೆಯಲ್ಲಿ ಕುಟ್ಟಿದ ಹಾಗೆ ಒಂದೇ ಸಮನೆ ಏಟು. ಬಲಗಡೆಗೆ ಉರುಳಿದರೆ ಕಡಿಮೆ. ಮುಂದಕ್ಕೆ ತೆವಳಿದರೆ ಇನ್ನೂ ಕಡಿಮೆ. ಆ ನೋವಿನಲ್ಲೂ ನನಗೆ ನಗು ಬಂತು. ಪಾಪ, ಮನುಷ್ಯ ತನ್ನ ಕೈ ಹೋಯಿತು ಎಂದು ಎಷ್ಟು ಹೆದರಿದ್ದರೆಂದರೆ, ಕೂತ ಜಾಗಕ್ಕೆ ಬೀಳುತ್ತಿದ್ದ ಏಟನ್ನೂ ಕೈಯ ಲೆಕ್ಕಕ್ಕೇ ಬರೆದುಕೊಂಡಿದ್ದರು. ಹಲಗೆ ತಟ್ಟಿದೆ, ಗಾಡಿ ನಿಂತಿತು.

ಶೆಡ್ಡಿಗೆ ಬಂದು ಎಡ ಹಿಂಬದಿಯನ್ನು ಎತ್ತಿ, ಸೀಮೆಸುಣ್ಣ ಹಿಡಿದು ತಿರುಗಿಸಿದೆ. ಬಿಳಿ ಗೆರೆ ಒಂದೇ ಕಡೆ ಬಿತ್ತು, ಮಿಕ್ಕ ಕಡೆ ಕಪ್ಪು ಹಾಗೇ ಇತ್ತು. ಟಯರು ಉಬ್ಬಿದೆ ಎಂದುಕೊಂಡು ಸ್ಟೆಪ್ನಿ ಚಕ್ರ ಹಾಕಿ ನೋಡಿದೆ. ಅದು ದುಂಡಗೆ ತಿರುಗಿತು. ಬಿಚ್ಚಿದ ಚಕ್ರದ ಟಯರಿನಲ್ಲಿ ಉಬ್ಬೂ ಇರಲಿಲ್ಲ, ತೇಪೆಯೂ ಇರಲಿಲ್ಲ. ಅದನ್ನು ನೆಲದ ಮೇಲೆ ಮಲಗಿಸಿಕೊಂಡು ಮುಂದೆ ಕುಕ್ಕರಗಾಲಲ್ಲಿ ಕೂತೆ. ಆಗ ನಟ್ಟು ಕೂರುವ ತೂತುಗಳ ಮೇಲೆ ಕಣ್ಣು ಬಿತ್ತು.

ಹೊಸಬರಿಗಾಗಿ ಇಷ್ಟು ಹೇಳಬೇಕು. ಚಕ್ರದ ನಟ್ಟಿನ ಮೂತಿ ಇಳಿಜಾರಾಗಿರುತ್ತದೆ, ಚಕ್ರದ ತೂತಿನ ಬಾಯಿಯೂ ಅದಕ್ಕೆ ಸರಿಯಾಗಿ ಇಳಿಜಾರಾಗಿರುತ್ತದೆ. ಅಂಥ ಗಾಡಿಗಳಲ್ಲಿ ನಟ್ಟುಗಳು ಚಕ್ರವನ್ನು ಬಿಗಿಯುವುದಷ್ಟೇ ಅಲ್ಲ, ನಡುಮಧ್ಯಕ್ಕೆ ತಂದು ಕೂರಿಸುವುದೂ ಅವೇ. ಈ ಚಕ್ರದ ತೂತಿನ ಬಾಯಿಗಳಲ್ಲಿ ಬಣ್ಣ ಹೆಪ್ಪುಗಟ್ಟಿತ್ತು. ಒಂದರಲ್ಲಿ ದಪ್ಪ, ಇನ್ನೊಂದರಲ್ಲಿ ಚಕ್ಕೆ ಎದ್ದು ಖಾಲಿ. ಚಕ್ರ ಬ್ರೇಕಿನ ಡ್ರಮ್ಮಿಗೆ ಒರಗುವ ಹಿಂಬದಿಯಲ್ಲೂ ಹಾಗೇ. ಹೀಗಾಗಿ ನಟ್ಟು ಎಷ್ಟು ಬಿಗಿದರೂ ಚಕ್ರ ಕೂದಲೆಳೆಯಷ್ಟು ಒಂದು ಬದಿಗೆ ಸರಿದೇ ಕೂರುತ್ತಿತ್ತು. ಊರೊಳಗೆ ಅದು ಗೊತ್ತಾಗುವುದಿಲ್ಲ. ವೇಗ ಬಂದಾಗ ಗಾಡಿಯನ್ನೇ ಎತ್ತಿ ಹಾಕುತ್ತದೆ. ಬಣ್ಣದ ಮೇಲೆ ಕೂತ ನಟ್ಟು ಸಡಿಲವಾಗುವುದೂ ಬೇಗ. ತೂತುಗಳಿಗೆ ಒಂದೊಂದಾಗಿ ಬೆರಳಿಟ್ಟು ನೋಡಿದೆ.

"ಅದು ಬಣ್ಣ ಅಲ್ವಾ?" ಬಸಪ್ಪನವರು ಬಗ್ಗಿ ನೋಡಿದರು. "ನಾನೇ ಬಳ್ದಿದ್ದು. ಆಯುಧಪೂಜೆಗೆ."

"ಪ್ರತಿ ವರ್ಷ?"

"ಪ್ರತಿ ವರ್ಷವೂ. ನಾಕು ಚಕ್ರನೂ ಬಿಚ್ಚಿ, ತೊಳ್ದು, ನೆಲದ ಮೇಲೆ ಮಲಗಿಸಿ ಬಳೀತೀನಿ. ಈ ಸಲ ಹಿಂದಿನ ದಿನ ಮಳೆ ಬಂತು, ಒಣಗ್ಲಿಲ್ಲ. ಪೂಜೆ ಹೊತ್ತು ಮೀರ್ತದೆ ಅಂತ ಹಸೀದ್ರಲ್ಲೇ ಹಾಕ್ಬುಟ್ಟೆ."

"ಹಳೇದನ್ನ ಕೆರೆದು ಬಳಿಯೋದಲ್ವಾ ಬಸಪ್ಪನೋರೆ?"

"ಕೆರೀಬೇಕು ಅನ್ನೋದು ಗೊತ್ತಿಲ್ವಾ ನಂಗೆ? ಎಂಗೆ ಕೆರೀಲಿ ಮೇಸ್ತ್ರಿ. ಅಡೀಲಿರೋದು ಗೌಡ್ರು ಬಳ್ದಿದ್ದು. ಗಾಡಿ ತಂದ ವರ್ಷ ತಾವೇ ಅಂಗಳದಲ್ಲಿ ಕೂತು ಬಳುದ್ರು. ಅವರ ಕೈಯ ಬಣ್ಣ ಕೆರ್ದು ಬಿಸಾಕಕ್ಕೆ ನಂಗೆ ಮನಸ್ಸು ಬರ್ಲಿಲ್ಲ. ಅದರ ಮೇಲೇ ಬಳ್ಕೊಂಡು ಬಂದೆ."

ಮಲಗಿಸಿದ ಚಕ್ರಕ್ಕೆ ಬಳಿದ ಬಣ್ಣ ಇಳಿದು ತೂತುಗಳ ಬಾಯಲ್ಲೇ ನಿಲ್ಲುತ್ತದೆ. ವರ್ಷಕ್ಕೊಂದು ಪದರ. ಮಿಕ್ಕ ಚಕ್ರಗಳಲ್ಲಿ ಅದು ಸಮನಾಗಿ ನಿಂತಿತ್ತು, ಇದರಲ್ಲಿ ಮಾತ್ರ ಹಸಿಯಲ್ಲೇ ಬಿಗಿದಾಗ ಕೆಲವು ಕಡೆ ಕಿತ್ತುಬಂದಿತ್ತು. ನಾನು ಇರುವುದನ್ನು ಇದ್ದ ಹಾಗೆ ಬಿಡಿಸಿ ಹೇಳಿದೆ. ಅವರು ಕೇಳುತ್ತ ಕೇಳುತ್ತ ಅಲ್ಲೇ ಇದ್ದ ಹಳೇ ಟಯರಿನ ಮೇಲೆ ಕೂತುಬಿಟ್ಟರು.

"ಮಕ್ಕಳು ಕೂತಿದ್ವಲ್ಲ ಮೇಸ್ತ್ರಿ," ಎಂದರು. "ಚಕ್ರ ಕಳಚ್ಕೊಂಡಿದ್ರೆ?"

ನನಗೆ ಅವರ ಮುಖ ನೋಡಲಾಗಲಿಲ್ಲ. "ಟಯರು ಕೆಟ್ಟಿತ್ತು, ಬದಲಾಯಿಸಿದೆ ಅಂತ ಗೌರಮ್ಮನವರಿಗೆ ಹೇಳ್ತೀನಿ. ಬಣ್ಣ ಕೆರೆದುಬಿಡೋಣ. ನಮ್ಮಿಬ್ಬರಲ್ಲೇ ಇರಲಿ," ಎಂದೆ.

ಬಸಪ್ಪನವರು ನನ್ನನ್ನು ಗದರಿಸಿಬಿಟ್ಟರು. "ಚೆನ್ನಾಗಿ ಹೇಳಿದ್ರಿ. ಅವ್ವಂಗೆ ಸುಳ್ಳು ಹೇಳ್ಬುಟ್ಟು ಆಮೇಲೆ ಯಾವ ಮೊಕ ಇಟ್ಕೊಂಡು ಗಾಡಿ ಹತ್ತಲಿ? ಕರ್ಕೊಂಡ್ ಬತ್ತೀನಿ ಇರಿ. ನಾನೇ ಹೇಳ್ತೀನಿ. ಬಿಡು ಅಂದ್ರೆ ಬುಟ್ಬುಡ್ತೀನಿ."

ಗೌರಮ್ಮನವರು ಬಂದರು. ಬಸಪ್ಪನವರು ಕೈಕಟ್ಟಿಕೊಂಡು ನಿಂತು ಎಲ್ಲವನ್ನೂ ಹೇಳಿದರು, ಹಸಿ ಬಣ್ಣದಲ್ಲೇ ಚಕ್ರ ಏರಿಸಿದ್ದನ್ನೂ ಬಿಡಲಿಲ್ಲ. ಆಕೆ ನನ್ನ ಕಡೆ ತಿರುಗಿ, "ಚಕ್ರ ಕಳಚ್ಕೊಳ್ತಿತ್ತಾ?" ಎಂದು ಕೇಳಿದರು. "ಹೀಗೇ ಬಿಟ್ಟಿದ್ದರೆ ಕಳಚಿಕೊಳ್ಳಬಹುದಿತ್ತು," ಎಂದೆ. ಬೇರೆ ಏನು ಹೇಳಲಿ? ಆಕೆಯ ಮುಖ ಬಿಗಿಯಿತು. ಬಸಪ್ಪನವರು ಕೋಟಿನ ಜೇಬಿಗೆ ಕೈ ಹಾಕಿ ಗಾಡಿಯ ಬೀಗದ ಕೈ ತೆಗೆದರು.

ಗೌರಮ್ಮನವರು ಅದನ್ನು ತೆಗೆದುಕೊಳ್ಳಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಚಕ್ರದ ಮುಂದೆ ಕೂತು, ಎದ್ದಿದ್ದ ಒಂದು ಚಕ್ಕೆಯನ್ನು ಉಗುರಿನಿಂದ ಎಬ್ಬಿಸಿದರು. ಮೇಲೆ ಬೆಳ್ಳಿ ಬಣ್ಣ. ಅದರಡಿ ಕೆಂಪು, ಅದರಡಿ ನೀಲಿ, ಮತ್ತೆ ಕೆಂಪು, ಹೀಗೆ ಪದರದಡಿ ಪದರ. ಎಲ್ಲಕ್ಕಿಂತ ಕೆಳಗೆ ಹಸಿರು. ಆ ಹಸಿರಿನ ಮೇಲೆ ಬೆರಳಾಡಿಸಿದರು.

"ಇದು ನಮ್ಮನೆ ಬಾಗಿಲಿನ ಹಸಿರು ಕಣ್ರೀ," ಎಂದರು ನನಗೆ. "ಮದುವೆಗೆ ಅಂತ ಬಾಗಿಲಿಗೆ ಬಳ್ಸಿ, ಮಿಕ್ಕಿದ್ದನ್ನ ಇದಕ್ಕೆ ಬಳುದ್ರಂತೆ. ಬಾಗಿಲಿಂದು ಯಾವತ್ತೋ ಹೋಯ್ತು. ಇಲ್ಲಿ ಇದೆ ಅಂತ ನಂಗೆ ಗೊತ್ತೇ ಇರ್ಲಿಲ್ಲ." ಆಮೇಲೆ ತಲೆ ಎತ್ತದೆ, "ಕೆರೀರಿ ಬಸಣ್ಣ," ಎಂದರು.

"ಪೂರ್ತಿನಾ ಅವ್ವ?"

ಇಬ್ಬರೂ ನನ್ನನ್ನು ನೋಡಿದರು. ಪೂರ್ತಿ ಕೆರೆಯುವುದೇನೂ ಬೇಕಾಗಿಲ್ಲ, ನಟ್ಟು ಕೂರುವ ಕಡೆ ಮತ್ತು ಡ್ರಮ್ಮಿಗೆ ಒರಗುವ ಕಡೆ ಕಬ್ಬಿಣ ಕಂಡರೆ ಸಾಕು, ಮಿಕ್ಕ ಬಣ್ಣ ನೂರು ವರ್ಷ ಇದ್ದರೂ ಗಾಡಿಗೆ ತೊಂದರೆಯಿಲ್ಲ ಎಂದೆ. ನನ್ನ ಜೀವಮಾನದಲ್ಲಿ ನಾನು ಹೇಳಿದ ಯಾವ ಮಾತಿಗೂ ಎರಡು ಮುಖ ಹಾಗೆ ಅರಳಿದ್ದನ್ನು ಕಂಡಿಲ್ಲ.

ಕೆರೆದವರು ಬಸಪ್ಪನವರೇ. ನನ್ನನ್ನು ಮುಟ್ಟಗೊಡಲಿಲ್ಲ. ಒಂದು ಹಳೇ ಚೂರಿ ಹಿಡಿದು ನಾಲ್ಕು ಚಕ್ರಗಳ ಒಂದೊಂದು ತೂತಿನ ಬಾಯನ್ನೂ ಬಿಡಿಸಿದರು. ಕೈ ಅದುರುತ್ತಲೇ ಇತ್ತು, ಆದರೂ ಚೂರಿ ಎಲ್ಲಿ ನಿಲ್ಲಬೇಕೋ ಅಲ್ಲೇ ನಿಂತಿತು. ಸುತ್ತಲಿನ ಬಣ್ಣದ ಒಂದು ಚಕ್ಕೆಯೂ ಹೆಚ್ಚಾಗಿ ಹಾರಲಿಲ್ಲ. ಆ ವರ್ಷದಿಂದ ನಮ್ಮ ಶೆಡ್ಡಿನಲ್ಲಿ ಒಂದು ಪದ್ಧತಿ ಮಾಡಿದೆ. ಆಯುಧಪೂಜೆಗೆ ಬಣ್ಣ ಬಳಿಯುವವರು ನಟ್ಟಿನ ಬಾಯಿಗಳಿಗೆ ಮೊದಲು ಗ್ರೀಸು ಹಚ್ಚಿದ ಬಟ್ಟೆಯ ಬಿರಡೆ ತುರುಕಬೇಕು. ಪೂಜೆಯಾದ ಮಾರನೆಯ ದಿನ ಎಲ್ಲ ಗಾಡಿಗಳ ನಟ್ಟು ಇನ್ನೊಮ್ಮೆ ಬಿಗಿಯಬೇಕು. ದೇವರಿಗೂ ಸರಿ, ಗಾಡಿಗೂ ಸರಿ. ನೀವು ನನ್ನಿಂದ ಕಲಿಯುವುದು ಬೇರೇನೂ ಇಲ್ಲದಿದ್ದರೆ ಇದನ್ನಾದರೂ ಕಲಿಯಿರಿ.

ಚಕ್ರಗಳನ್ನು ಏರಿಸಿ, ಸೀಮೆಸುಣ್ಣ ಹಿಡಿದು ನೋಡಿದ್ದಾಯಿತು. ನಾಲ್ಕಕ್ಕೂ ಗೆರೆ ಸುತ್ತಲೂ ಬಿತ್ತು. ಆದರೆ ಬಸಪ್ಪನವರ ವಿಷಯದಲ್ಲಿ ಗೌರಮ್ಮನವರು ಇನ್ನೂ ಏನೂ ಹೇಳಿರಲಿಲ್ಲ. ಮೈದುನ ಗೊತ್ತುಮಾಡಿದ್ದ ಡ್ರೈವರು ನಾಳೆ ಬರುವವನಿದ್ದ. ಆಕೆ ಗಾಡಿಯ ಬಾಗಿಲು ತೆಗೆದು, "ನಡೀರಿ, ರೋಡಿಗೆ ಹೋಗಿ ನೋಡೋಣ," ಎಂದಷ್ಟೇ ಹೇಳಿ ಹತ್ತಿ ನಡುವೆ ಕೂತರು. ನಾನು ಕಿಟಕಿಯ ಕಡೆ ಕೂತೆ.

ಊರು ದಾಟಿದೆವು. ಸಿದ್ದಲಿಂಗಪುರ ಬಂತು, ಹೋಯಿತು. ಮುಂದೆ ಆ ನೆಟ್ಟಗಿನ ದಾರಿ. ಮುಳ್ಳು ಮೂವತ್ತು ದಾಟಿ ಮೇಲೇರಿತು. ಗೌರಮ್ಮನವರು ಎದುರಿನ ಕಂಬಿಯನ್ನು ಹಿಡಿದುಕೊಂಡರು. ನಲವತ್ತು ಇನ್ನೇನು ಬರಬೇಕು, ಬಸಪ್ಪನವರು ಕಾಲು ತೆಗೆದುಬಿಟ್ಟರು. ಗಾಡಿ ನಿಧಾನವಾಯಿತು. ಮತ್ತೆ ಒತ್ತಿದರು, ಅದೇ ಜಾಗಕ್ಕೆ ಬರುತ್ತಲೇ ಮತ್ತೆ ಕಾಲು ಹಿಂದಕ್ಕೆ ಬಂತು.

"ಯಾಕೆ ಬಸಣ್ಣ, ಕಾಲು ತೆಗೀತೀರಾ?"

"ಹೆದರಿಕೆ ಆಯ್ತದೆ ಕಣವ್ವ. ನೀನು ಕೂತಿದ್ದೀಯ."

ಗೌರಮ್ಮನವರು ಕಂಬಿ ಬಿಟ್ಟು ಎರಡೂ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡರು. "ನಾನು ಕೂತಿದೀನಿ ಅಂತಲೇ ಹೇಳ್ತಿರೋದು. ಒತ್ತಿ."

ಬಸಪ್ಪನವರು ಒತ್ತಿದರು. ಮುಳ್ಳು ನಲವತ್ತು ಮುಟ್ಟಿತು, ದಾಟಿತು. ಕಿಟಕಿಯ ಗಾಜು ಯಾವತ್ತಿನಂತೆ ಗಲಗಲ ಅನ್ನುತ್ತಿತ್ತು. ಬೇರೆ ಯಾವುದೂ ಅಲುಗಲಿಲ್ಲ. ಎರಡೂ ಬದಿಯ ಮರಗಳು ಸರಸರನೆ ಹಿಂದಕ್ಕೆ ಹೋಗುತ್ತಿದ್ದವು, ಗಾಡಿ ತೊಟ್ಟಿಲಿನಲ್ಲಿಟ್ಟ ಹಾಗೆ ಸಾಗುತ್ತಿತ್ತು. ಸ್ಟೇರಿಂಗಿನ ಮೇಲೆ ಅವರ ಹಿಡಿತ ಸಡಿಲವಾಯಿತು. ಕಣ್ಣಲ್ಲಿ ನೀರು ಇಳಿದು ಮೀಸೆಗೆ ಬರುತ್ತಿತ್ತು, ಒರೆಸಿಕೊಳ್ಳಲಿಲ್ಲ. ನಾನು ಕಿಟಕಿಯ ಆಚೆ ನೋಡುತ್ತ ಕೂತೆ.

"ಕಣ್ಣೊರೆಸ್ಕೊಳ್ಳಿ ಬಸಣ್ಣ, ರೋಡು ಕಾಣ್ಬೇಕು," ಎಂದರು ಗೌರಮ್ಮನವರು. "ನಾಳೆ ಬೇಗ ಬನ್ನಿ. ಹೂವು ಜಾಸ್ತಿ ಅದೆ."